ಅವ್ವ ಮೀನು ಎಲ್ಲೋಯ್ತು? ಪುಟ್ಟ ಮಕ್ಕಳಿಗೆ ಅನಿಮೇಷನ್ ಸಿನಿಮಾ ಆರಿಸುವ ಮುನ್ನ

ಕಳೆದ ಬೇಸಿಗೆ ರಜೆಯಲ್ಲಿ ಅಕ್ಕನ ಮಗಳು ಮಂಡ್ಯದ ನಮ್ಮ ಮನೆಯಲ್ಲಿದ್ದಳು. ಆಗ ಅವಳಿಗೆ ನಾಲ್ಕು ವರ್ಷ. ಮಧ್ಯಾಹ್ನದ ಬಿಸಿಲಿಗೆ ಹೊರಗೆ ಬಿಡುವ ಹಾಗಿರಲಿಲ್ಲ. ಮೀನಿನ ಸಿನಿಮಾ ತಾನೇ ಅಂತ ಟಿ.ವಿ.ಯಲ್ಲಿ ‘ಫೈಂಡಿಂಗ್ ನೀಮೊ’ ಹಾಕಿಕೊಟ್ಟೆ. ನಾನು ಪಕ್ಕದಲ್ಲೇ ಹುರುಳಿಕಾಯಿ ನಾರು ಬಿಡಿಸುತ್ತಾ ಕೂತೆ.

2003ರ ಸಿನಿಮಾ ಅದು. ಅಮೆರಿಕದಲ್ಲಿ ಅದಕ್ಕೆ ಸಿಕ್ಕಿದ್ದು ‘ಜಿ’ ದರ್ಜೆ, ಅಂದರೆ ಎಲ್ಲ ವಯಸ್ಸಿನವರೂ ನೋಡಬಹುದು. ಶುರುವಾಗಿ ಐದು ನಿಮಿಷ ಆಗುವಷ್ಟರಲ್ಲಿ ಬರಾಕುಡಾ ಎಂಬ ದೊಡ್ಡ ಮೀನು ಬರುತ್ತದೆ. ಅಪ್ಪ ಮೀನು ಪೆಟ್ಟು ತಿಂದು ಪ್ರಜ್ಞೆ ತಪ್ಪುತ್ತದೆ. ಎದ್ದು ನೋಡಿದರೆ ಸುತ್ತ ಕತ್ತಲು. ಹೆಂಡತಿ ಇಲ್ಲ. ನೂರಾರು ಮೊಟ್ಟೆಗಳಲ್ಲಿ ಉಳಿದಿದ್ದು ಒಂದೇ. ಕೊಂದಿದ್ದನ್ನು ತೋರಿಸುವುದಿಲ್ಲ. ಆ ದೃಶ್ಯದಲ್ಲಿ ಒಂದು ತೊಟ್ಟು ರಕ್ತವೂ ಕಾಣುವುದಿಲ್ಲ.

ಆಮೇಲೆ ಕತೆ ತಮಾಷೆಗೆ ತಿರುಗಿತು. ಮರೆವಿನ ಮೀನು ಬಂತು, ಆಮೆಗಳು ಬಂದವು. ನಾನು ನಕ್ಕೆ. ಅವಳು ನಗಲಿಲ್ಲ. ಅರ್ಧ ಗಂಟೆ ಕಳೆದ ಮೇಲೆ ನನ್ನ ಕೈ ಜಗ್ಗಿ ಕೇಳಿದಳು: “ಅವ್ವ ಮೀನು ಎಲ್ಲೋಯ್ತು ಚಿಕ್ಕಮ್ಮ?”

ನಾನು ಆ ದೃಶ್ಯ ಮುಗೀತು ಅಂದುಕೊಂಡಿದ್ದೆ. ಅವಳು ಇನ್ನೂ ಅಲ್ಲೇ ಇದ್ದಳು. ರಾತ್ರಿ ಮಲಗುವಾಗ ಮತ್ತೆ ಅದೇ ಪ್ರಶ್ನೆ. ಮಾರನೇ ದಿನ ಅಕ್ಕ ಫೋನ್ ಮಾಡಿದಾಗ ಮಗು ಆಡಿದ ಮೊದಲ ಮಾತು, “ನೀನು ಎಲ್ಲಿದೀಯ?”

ಆ ಸಿನಿಮಾ ನನಗೆ ಇವತ್ತಿಗೂ ತುಂಬಾ ಇಷ್ಟ. ಆದರೆ ಅವತ್ತು ನಾನು ನೋಡಿದ್ದು ಸಿನಿಮಾದ ಹೆಸರನ್ನು ಮಾತ್ರ. ಮಗುವಿನ ಮನಸ್ಸಿನಲ್ಲಿ ಅದು ಹೇಗೆ ಕೂರುತ್ತದೆ ಅಂತ ಯೋಚಿಸಲಿಲ್ಲ. ಮೈಸೂರು, ಮಂಡ್ಯದ ಎಷ್ಟೋ ಮನೆಗಳಲ್ಲಿ ನಡೆಯುವುದೂ ಇದೇ. ಕಾರ್ಟೂನ್ ಅಲ್ವಾ, ಕರ್ಕೊಂಡು ಹೋಗೋಣ ಅಂತ ಹೊರಡುತ್ತೇವೆ. ಜಾಸ್ತಿ ಅಂದರೆ ಸರ್ಟಿಫಿಕೇಟ್ ನೋಡುತ್ತೇವೆ.

ಸರ್ಟಿಫಿಕೇಟ್ ಏನು ಹೇಳುತ್ತದೆ ಅಂತ ಮೊದಲು ನೋಡೋಣ. ನಾವು ಸೆನ್ಸಾರ್ ಬೋರ್ಡ್ ಅಂತ ಕರೆಯುವ ಕೇಂದ್ರ ಚಲನಚಿತ್ರ ಪ್ರಮಾಣೀಕರಣ ಮಂಡಳಿ 1952ರ ಸಿನಿಮಾಟೋಗ್ರಾಫ್ ಕಾಯ್ದೆಯ ಕೆಳಗೆ ಕೆಲಸ ಮಾಡುತ್ತದೆ. ಮೊದಲು ಸಾಮಾನ್ಯ ಸಿನಿಮಾಗಳಿಗೆ ‘ಯು’ ಮತ್ತು ‘ಎ’ ಎರಡೇ ಇದ್ದವು. 1983ರಲ್ಲಿ ‘ಯುಎ’ ಬಂತು. ಹನ್ನೆರಡು ವರ್ಷದ ಒಳಗಿನ ಮಕ್ಕಳಿಗೆ ತೋರಿಸಬೇಕೋ ಬೇಡವೋ ಅಪ್ಪ ಅಮ್ಮ ನೋಡಿಕೊಳ್ಳಲಿ ಅನ್ನುವುದು ಅದರ ಅರ್ಥ. ನಾಲ್ಕು ವರ್ಷದ ಮಗುವಿಗೂ ಹನ್ನೊಂದರ ಹುಡುಗನಿಗೂ ಒಂದೇ ಗೆರೆ. ನಲವತ್ತು ವರ್ಷ ಹಾಗೇ ನಡೆಯಿತು. 2023ರಲ್ಲಿ ಕಾಯ್ದೆಗೆ ತಿದ್ದುಪಡಿ ಆಯಿತು, 2024ರಲ್ಲಿ ಹೊಸ ನಿಯಮ ಬಂತು. ಈಗ ‘ಯುಎ’ ಮೂರಾಗಿದೆ: 7+, 13+ ಮತ್ತು 16+.

ಇದು ಒಳ್ಳೆಯ ಬದಲಾವಣೆ. ಆದರೆ ಎರಡು ವಿಷಯ ಗೊತ್ತಿರಬೇಕು. ಮೊದಲನೆಯದು, ಈ ವಯಸ್ಸಿನ ಗುರುತು ಅಪ್ಪ ಅಮ್ಮಂದಿರಿಗೆ ಕೊಟ್ಟ ಸಲಹೆ ಅಷ್ಟೇ. 7+ ಅಂತ ಇದ್ದ ಮಾತ್ರಕ್ಕೆ ಮೂರು ವರ್ಷದ ಮಗುವನ್ನು ಬಾಗಿಲಲ್ಲಿ ಯಾರೂ ತಡೆಯುವುದಿಲ್ಲ. ಎರಡನೆಯದು, ಏಳು ವರ್ಷದ ಕೆಳಗೆ ಬೇರೆ ಮೆಟ್ಟಿಲೇ ಇಲ್ಲ. ‘ಯು’ ಅಂದರೆ ಎಲ್ಲರೂ ನೋಡಬಹುದು ಅಂತ, ಮೂರು ವರ್ಷದ ಮಗುವಿಗೆಂದೇ ಮಾಡಿದ್ದು ಅಂತಲ್ಲ. ಮೂರರಿಂದ ಆರರ ಒಳಗೆ ಮಕ್ಕಳು ಎಷ್ಟು ಬದಲಾಗುತ್ತಾರೆ ಅಂತ ಅಂಗನವಾಡಿ ಟೀಚರನ್ನು ಕೇಳಿ ನೋಡಿ.

ಮನೆಯಲ್ಲಿ ಮೊಬೈಲು, ಟಿ.ವಿ.ಯ ಓಟಿಟಿಗಳಲ್ಲಿ ಇದಕ್ಕಿಂತ ಸ್ವಲ್ಪ ಹೆಚ್ಚು ಮಾಹಿತಿ ಸಿಗುತ್ತದೆ. 2021ರ ಐ.ಟಿ. ನಿಯಮದ ಪ್ರಕಾರ ಅವರು ವಯಸ್ಸಿನ ದರ್ಜೆಯ ಜೊತೆಗೆ ಒಳಗೆ ಏನಿದೆ ಅಂತಲೂ ಬರೆಯಬೇಕು. ಹಿಂಸೆ, ಭಯ, ಕೆಟ್ಟ ಭಾಷೆ ಅಂತ ಮೇಲಿನ ಮೂಲೆಯಲ್ಲಿ ಬಂದು ಹೋಗುತ್ತದಲ್ಲ, ಅದೇ. 13+ ಮತ್ತು ಅದಕ್ಕಿಂತ ಮೇಲಿನದಕ್ಕೆ ಪೋಷಕರು ಬೀಗ ಹಾಕುವ ವ್ಯವಸ್ಥೆ ಇರಬೇಕು. ಆ ಒಂದು ಸಾಲನ್ನು ಓದುವ ಅಭ್ಯಾಸ ಮಾಡಿಕೊಳ್ಳುವುದು ಒಳ್ಳೆಯದು.

ಈಗ ಕಾರ್ಟೂನ್ ಅಂದರೆ ಮಕ್ಕಳದ್ದು ಅನ್ನುವ ನಂಬಿಕೆಗೆ ಬರೋಣ. 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಒಂದು ಅಧ್ಯಯನ ಬಂತು. 1937ರಿಂದ 2013ರವರೆಗಿನ 45 ಜನಪ್ರಿಯ ಅನಿಮೇಷನ್ ಸಿನಿಮಾಗಳನ್ನು ತೆಗೆದುಕೊಂಡು ದೊಡ್ಡವರ 90 ಸಿನಿಮಾಗಳ ಜೊತೆ ಹೋಲಿಸಿದರು. ಮುಖ್ಯ ಪಾತ್ರ ಸಾಯುವ ಸಾಧ್ಯತೆ ಮಕ್ಕಳ ಸಿನಿಮಾದಲ್ಲೇ ಎರಡೂವರೆ ಪಟ್ಟು ಹೆಚ್ಚಿತ್ತು. ನಾಯಕನ ಅಪ್ಪ ಅಮ್ಮ ಸಾಯುವುದಂತೂ ಇನ್ನೂ ಹೆಚ್ಚು. ಕತೆ ಕಟ್ಟುವವರ ಕಷ್ಟ ಅರ್ಥವಾಗುತ್ತದೆ. ಅಪ್ಪ ಅಮ್ಮ ಜೊತೆಗಿದ್ದರೆ ಮರಿ ಯಾಕೆ ಒಂಟಿಯಾಗಿ ಕಾಡಿಗೆ ಹೋಗುತ್ತದೆ, ಸಮುದ್ರಕ್ಕೆ ಹೋಗುತ್ತದೆ? ನಮ್ಮ ಗೋವಿನ ಹಾಡಿನಲ್ಲೂ ಪುಣ್ಯಕೋಟಿ ಕರುವನ್ನು ಬಿಟ್ಟು ಹುಲಿಯ ಹತ್ತಿರ ಹೋಗುತ್ತಾಳೆ. ಅದನ್ನು ಕೇಳಿ ಅಳದ ಮಕ್ಕಳು ಕಡಿಮೆ.

ದೇವರ ಕತೆ ಅಂದರೆ ನಮಗೆ ಇನ್ನೂ ಧೈರ್ಯ. 2025ರ ಜುಲೈನಲ್ಲಿ ‘ಮಹಾವತಾರ್ ನರಸಿಂಹ’ ಕನ್ನಡದಲ್ಲೂ ಬಂದಾಗ ಮಕ್ಕಳನ್ನು ಕಂಕುಳಲ್ಲಿ ಎತ್ತಿಕೊಂಡು ಬಂದವರನ್ನು ನಾನೇ ನೋಡಿದೆ. ಮೇಲುಕೋಟೆ ಬೆಟ್ಟ ಹತ್ತಿ ಯೋಗಾನರಸಿಂಹನಿಗೆ ಕೈ ಮುಗಿದು ಬೆಳೆದವರು ನಾವು. ಪ್ರಹ್ಲಾದನ ಕತೆ ಮಕ್ಕಳಿಗೆ ಗೊತ್ತಾಗಲಿ ಅನ್ನುವ ಆಸೆ ಸಹಜ. ಆದರೆ ಆ ಕತೆಯ ಒಳಗೆ ಏನೇನಿದೆ ಅಂತ ಒಮ್ಮೆ ನೆನೆಸಿಕೊಳ್ಳಿ. ಅಪ್ಪನೇ ಮಗನನ್ನು ಬೆಟ್ಟದಿಂದ ತಳ್ಳಿಸುತ್ತಾನೆ, ವಿಷ ಕೊಡಿಸುತ್ತಾನೆ, ಬೆಂಕಿಗೆ ಹಾಕಿಸುತ್ತಾನೆ. ಕೊನೆಗೆ ಹೊಸ್ತಿಲ ಮೇಲೆ ಕರುಳು ಬಗೆಯುವುದು. ಹತ್ತು ವರ್ಷದವರಿಗೆ ಇದು ರೋಮಾಂಚನ. ನಾಲ್ಕು ವರ್ಷದ ಮಗುವಿಗೆ ಅದರಲ್ಲಿ ದೊಡ್ಡದಾಗಿ ಕಾಣುವುದು ಒಂದೇ: ಮಗನನ್ನು ಕೊಲ್ಲಲು ಬರುವ ಅಪ್ಪ.

ಇದೇ ಕತೆಯನ್ನು ನಮ್ಮಜ್ಜಿ ನನಗೆ ಮೂರು ವರ್ಷದಲ್ಲೇ ಹೇಳಿದ್ದರು. ನಾನು ಹೆದರಲಿಲ್ಲ. ಈಗ ಯೋಚಿಸಿದರೆ ಕಾರಣ ಗೊತ್ತಾಗುತ್ತದೆ. ಕಂಬ ಒಡೆಯುವ ಹೊತ್ತಿಗೆ ಅಜ್ಜಿ ನನ್ನ ಮುಖ ನೋಡುತ್ತಿದ್ದರು. ಕಣ್ಣು ದೊಡ್ಡದಾದರೆ ದನಿ ಇಳಿಸುತ್ತಿದ್ದರು. ತುಟಿ ನಡುಗಿದರೆ “ಏನೂ ಆಗಲ್ಲ ಕಣವ್ವ, ದೇವರು ಪ್ರಹ್ಲಾದನ್ನ ತೊಡೆ ಮೇಲೆ ಕೂರಿಸ್ಕೊಂಡ” ಅಂತ ನೇರ ಕೊನೆಗೆ ಹಾರುತ್ತಿದ್ದರು. ಕರುಳಿನ ಮಾತು ನನಗೆ ಗೊತ್ತಾಗಿದ್ದು ಎಷ್ಟೋ ವರ್ಷ ಆದಮೇಲೆ. ಅಜ್ಜಿ ಕತೆಯನ್ನು ಕೇಳುವವಳ ಅಳತೆಗೆ ಹೊಲಿಯುತ್ತಿದ್ದರು. ಪರದೆಗೆ ಮಗುವಿನ ಮುಖ ಕಾಣುವುದಿಲ್ಲ. ಅದು ತನ್ನ ವೇಗದಲ್ಲೇ ಓಡುತ್ತದೆ. ಅಜ್ಜಿಯ ಆ ಕೆಲಸವನ್ನು ಪಕ್ಕದ ಸೀಟಿನಲ್ಲಿ ಕೂತ ನಾವು ಮಾಡಬೇಕು.

ಪುಟ್ಟ ಮಕ್ಕಳು ಯಾವುದಕ್ಕೆ ಹೆದರುತ್ತಾರೆ ಅನ್ನುವುದು ನಾವು ಅಂದುಕೊಂಡ ಹಾಗಿಲ್ಲ. ಅಮೆರಿಕದ ಜೋನ್ ಕ್ಯಾಂಟರ್ ಅನ್ನುವ ಸಂಶೋಧಕಿ ಎಷ್ಟೋ ವರ್ಷ ಇದನ್ನೇ ಅಧ್ಯಯನ ಮಾಡಿದರು. 1985ರಲ್ಲಿ ಅವರು ಮತ್ತು ಅವರ ಜೊತೆಗಾರ್ತಿ ಮಕ್ಕಳಿಗೆ ಒಬ್ಬ ಮುದುಕಿಯ ವಿಡಿಯೊ ತೋರಿಸಿದರು. ಕೆಲವರಿಗೆ ಅವಳು ಅಜ್ಜಿಯಂತೆ ಕಂಡಳು, ಕೆಲವರಿಗೆ ಮಾಟಗಾತಿಯಂತೆ. ಒಂದರಲ್ಲಿ ಬೆಕ್ಕನ್ನು ಮುದ್ದಿಸಿದಳು, ಇನ್ನೊಂದರಲ್ಲಿ ಕಾಟ ಕೊಟ್ಟಳು. ಮೂರರಿಂದ ಐದು ವರ್ಷದ ಮಕ್ಕಳು ಅವಳ ರೂಪ ನೋಡಿ ಒಳ್ಳೆಯವಳು, ಕೆಟ್ಟವಳು ಅಂದರು. ಒಂಬತ್ತು, ಹತ್ತರ ಮಕ್ಕಳು ಅವಳು ಮಾಡಿದ್ದನ್ನು ನೋಡಿ ಹೇಳಿದರು. ಹಲ್ಕ್ ಅನ್ನುವ ಹಸಿರು ಮೈಯ ಹೀರೊ ಬರುವ ಟಿ.ವಿ. ಧಾರಾವಾಹಿಯಲ್ಲೂ ಅಷ್ಟೇ. ಅವನು ಜನರನ್ನು ಕಾಪಾಡುವವನು. ಆದರೂ ಪುಟ್ಟ ಮಕ್ಕಳಿಗೆ ಅವನ ಮೈ ಬದಲಾಗುವ ಕ್ಷಣವೇ ಭಯ.

ಇದನ್ನು ನೋಡಲು ಅಮೆರಿಕಕ್ಕೆ ಹೋಗಬೇಕಿಲ್ಲ. ಚಾಮುಂಡಿ ಬೆಟ್ಟದಲ್ಲಿ ಮಹಿಷಾಸುರನ ಪ್ರತಿಮೆಯ ಹತ್ತಿರ ಒಂದು ಭಾನುವಾರ ಅರ್ಧ ಗಂಟೆ ನಿಂತರೆ ಸಾಕು. ಒಂದು ಕೈಯಲ್ಲಿ ಕತ್ತಿ, ಇನ್ನೊಂದರಲ್ಲಿ ಹಾವು, ದಪ್ಪ ಮೀಸೆ. ಅಪ್ಪಂದಿರು ಮಕ್ಕಳನ್ನು ಮುಂದೆ ನಿಲ್ಲಿಸಿ ಫೋಟೊ ತೆಗೆಯುತ್ತಿರುತ್ತಾರೆ. ಎಂಟರ ಹುಡುಗ ತಾನೂ ಕತ್ತಿ ಹಿಡಿದಂತೆ ನಿಲ್ಲುತ್ತಾನೆ. ಮೂರರ ಮಗು ಅಪ್ಪನ ಕಾಲಿಗೆ ಅಂಟಿಕೊಂಡು, ಪ್ರತಿಮೆಗೆ ಬೆನ್ನು ಹಾಕಿ ಅಳುತ್ತದೆ. “ಅದು ಗೊಂಬೆ ಕಣೋ, ಸುಳ್ಳು” ಅಂದರೆ ಅಳು ನಿಲ್ಲುವುದಿಲ್ಲ. ಸಿನಿಮಾದಲ್ಲೂ ಹಾಗೇ. “ಇದು ಸುಮ್ನೆ, ನಿಜ ಅಲ್ಲ” ಅನ್ನುವ ಸಮಾಧಾನ ದೊಡ್ಡ ಮಕ್ಕಳಿಗೆ ನಾಟುತ್ತದೆ. ಅಂಗನವಾಡಿ ವಯಸ್ಸಿನವರಿಗೆ ಮಾತಿಗಿಂತ ಮೈ ಬೇಕು. ಎತ್ತಿಕೊಳ್ಳುವುದು, ಕೈ ಹಿಡಿಯುವುದು, ನೀರು ಕುಡಿಸುವುದು, ಹೊರಗೆ ಕರೆದುಕೊಂಡು ಹೋಗುವುದು. ಕ್ಯಾಂಟರ್ ಅವರ ಕೆಲಸವೂ ಇದನ್ನೇ ಹೇಳುತ್ತದೆ.

ನಮ್ಮ ಮಂಡ್ಯ ಕಡೆ ಹಳ್ಳಿಗಳಲ್ಲಿ ಈಗಲೂ ಕುರುಕ್ಷೇತ್ರ ನಾಟಕ ಆಡುತ್ತಾರೆ. ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ಪ್ರಾಕ್ಟೀಸ್ ಮಾಡಿಸುತ್ತಾರೆ. ದುರ್ಯೋಧನ ಗದೆ ಎತ್ತಿ ಗರ್ಜಿಸಿದರೂ ಮಕ್ಕಳು ಮುಂದಿನ ಸಾಲು ಬಿಡುವುದಿಲ್ಲ. ಅವನು ಬೆಳಿಗ್ಗೆ ಡೇರಿಗೆ ಹಾಲು ಹಾಕಲು ಬರುವ ಮಾವ ಅಂತ ಅವರಿಗೆ ಗೊತ್ತು. ಮೀಸೆ ಅಂಟಿಸುವುದನ್ನು, ಕಿರೀಟ ಕಟ್ಟುವುದನ್ನು ಸಂಜೆಯೇ ನೋಡಿರುತ್ತಾರೆ. ಹಲ್ಕ್ ವಿಷಯದಲ್ಲೂ ಬಣ್ಣ ಹಚ್ಚುವುದನ್ನು ಮಕ್ಕಳಿಗೆ ತೋರಿಸಿದಾಗ ಭಯ ಕಡಿಮೆಯಾಯಿತು ಅಂತ ಕಂಡುಕೊಂಡಿದ್ದಾರೆ. ಆದರೆ ಅನಿಮೇಷನ್‌ನಲ್ಲಿ ಬಣ್ಣದ ಹಿಂದೆ ತೋರಿಸಲು ಯಾವ ಮಾವನೂ ಇಲ್ಲ. ನಾನು ಕಂಡ ದಾರಿ ಒಂದೇ, ಕ್ರೆಯಾನ್ ಕೊಡುವುದು. ಹೆದರಿಸಿದ ಮೀನನ್ನು ಅವಳೇ ಬರೆದಳು. ಹಲ್ಲುಗಳನ್ನು ಎಣಿಸಿ ಎಣಿಸಿ ಬರೆದಳು. ಪಕ್ಕದಲ್ಲಿ ಅವ್ವ ಮೀನನ್ನು ಅದಕ್ಕಿಂತ ದೊಡ್ಡದಾಗಿ ಬರೆದಳು.

ಇನ್ನು ಥಿಯೇಟರ್. ಅಲ್ಲಿ ಸಿನಿಮಾಕ್ಕಿಂತ ಮೊದಲು ಮಗುವಿಗೆ ಎದುರಾಗುವುದು ಕತ್ತಲೆ ಮತ್ತು ಸದ್ದು. ಮೈಸೂರಿನ ಒಂದು ಮಾಲ್‌ಗೆ ಮಕ್ಕಳ ಸಿನಿಮಾಗೆ ಅಂತ ಹೋಗಿದ್ದೆವು. ಸಿನಿಮಾ ಶುರುವಾಗುವ ಮೊದಲು ಎರಡು ಹೊಡೆದಾಟದ ಟ್ರೇಲರ್ ಹಾಕಿದರು. ಸೀಟು ಅದುರಿತು. ಅಕ್ಕನ ಮಗಳು ಎರಡೂ ಕಿವಿ ಮುಚ್ಚಿಕೊಂಡವಳು ಇಂಟರ್ವಲ್ ಬಂದರೂ ಕೈ ತೆಗೆಯಲಿಲ್ಲ. ಪಾಪ್‌ಕಾರ್ನ್ ಬಾಯಿಗೆ ನಾನೇ ಇಡಬೇಕಾಯಿತು. ಮಕ್ಕಳ ಸಿನಿಮಾದ ಮುಂದೆ ಮಕ್ಕಳ ಟ್ರೇಲರ್ ಮಾತ್ರ ಹಾಕಬೇಕು, ಸದ್ದು ತಗ್ಗಿಸಬೇಕು. ಇದಕ್ಕೆ ಖರ್ಚೂ ಇಲ್ಲ. ಕೌಂಟರ್‌ನಲ್ಲಿ ನಾಲ್ಕು ಜನ ಕೇಳಿದರೆ ಐದನೆಯವರಿಗೆ ಅನುಕೂಲ ಆಗುತ್ತದೆ.

ಆ ದಿನ ನನಗೆ ದಸರಾ ಆನೆಗಳು ನೆನಪಾದವು. ಜಂಬೂಸವಾರಿ ದಿನ 21 ಕುಶಾಲತೋಪು ಸಿಡಿಸುತ್ತಾರೆ. ಆ ಸದ್ದಿಗೆ ಆನೆ ಬೆದರಬಾರದು ಅಂತ ಮುಂಚೆಯೇ ಸುತ್ತು ಸುತ್ತಾಗಿ ತಾಲೀಮು ಮಾಡಿಸುತ್ತಾರೆ. ಹೊಸ ಆನೆಯನ್ನು ಅನುಭವಿ ಆನೆಗಳ ಜೊತೆ ನಿಲ್ಲಿಸುತ್ತಾರೆ. ಮಾವುತ ಮೈ ಸವರುತ್ತಾ ಮಾತಾಡಿಸುತ್ತಿರುತ್ತಾನೆ. ಐದು ಸಾವಿರ ಕೆಜಿ ತೂಗುವ ಆನೆಗೆ ಇಷ್ಟು ತಯಾರಿ ಮಾಡುವ ಊರು ನಮ್ಮದು. ಹದಿನೈದು ಕೆಜಿಯ ಮಗುವಿಗೆ ನಾವು ಅದರ ಕಾಲು ಭಾಗ ಮಾಡಿದರೂ ಸಾಕು. ಮೊದಲು ಮನೆಯಲ್ಲಿ ಬೆಳಕು ಹಾಕಿಕೊಂಡು ಅರ್ಧ ಗಂಟೆಯ ಕತೆಗಳು. ಆಮೇಲೆ ಮನೆಯಲ್ಲೇ ಪೂರ್ತಿ ಸಿನಿಮಾ, ಎರಡು ಮೂರು ಕಂತಿನಲ್ಲಿ. ಥಿಯೇಟರ್ ಆಮೇಲೆ. ಎರಡು ವರ್ಷದ ಒಳಗಿನ ಮಕ್ಕಳಿಗೆ ಪರದೆಯೇ ಬೇಡ, ಎರಡರಿಂದ ಐದರವರೆಗೆ ದಿನಕ್ಕೆ ಒಂದು ಗಂಟೆ ಮೀರಬಾರದು ಅಂತ ಭಾರತೀಯ ಮಕ್ಕಳ ತಜ್ಞರ ಸಂಘವೂ ಹೇಳಿದೆ. ಆ ಲೆಕ್ಕದಲ್ಲಿ ಒಂದೂವರೆ ಗಂಟೆಯ ಸಿನಿಮಾ ಅಂದರೇನೇ ನಾಲ್ಕರ ಮಗುವಿಗೆ ಅಳತೆ ಮೀರಿದ್ದು.

ಭಾಷೆಯ ವಿಷಯ ಯಾರೂ ಮಾತಾಡುವುದಿಲ್ಲ. ನನಗೆ ಅದು ಎಲ್ಲಕ್ಕಿಂತ ಮುಖ್ಯ ಅನ್ನಿಸುತ್ತದೆ. ಸಿನಿಮಾದಲ್ಲಿ ಭಯ ಚಿತ್ರದಲ್ಲಿರುತ್ತದೆ, ಧೈರ್ಯ ಮಾತಿನಲ್ಲಿರುತ್ತದೆ. ಕತ್ತಲೆ, ಬೆಂಕಿ, ಹಲ್ಲು ಯಾವ ಭಾಷೆಯ ಮಗುವಿಗೂ ಅರ್ಥವಾಗುತ್ತವೆ. “ಹೆದರಬೇಡ, ನಾನಿದೀನಿ” ಅನ್ನುವುದು, ನಡುವೆ ಬರುವ ಜೋಕು, “ಅವನು ನಾಟಕ ಆಡ್ತಿದ್ದಾನೆ” ಅನ್ನುವ ಪಿಸುಮಾತು, ಇವೆಲ್ಲ ಭಾಷೆ ಬಂದವರಿಗೆ ಮಾತ್ರ. ಮನೆಯಲ್ಲಿ ಕನ್ನಡ ಮಾತ್ರ ಕೇಳಿದ ಮಗುವನ್ನು ಇಂಗ್ಲಿಷ್ ಸಿನಿಮಾಗೆ ಕೂರಿಸಿದರೆ ಹೆದರಿಸುವ ಅರ್ಧ ಪೂರ್ತಿ ಸಿಗುತ್ತದೆ, ಸಮಾಧಾನ ಮಾಡುವ ಅರ್ಧ ಸಿಗುವುದೇ ಇಲ್ಲ.

ಇದಕ್ಕೆ ಹಳೆಯ ಕಾರಣಗಳಿವೆ. ದಶಕಗಳ ಕಾಲ ಕನ್ನಡಕ್ಕೆ ಡಬ್ಬಿಂಗ್ ಸಿನಿಮಾ ಬರಲು ಬಿಡಲಿಲ್ಲ. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಆ ತಡೆ ತಪ್ಪು ಅಂತ ಆದೇಶ ಕೊಟ್ಟಿತು. 2009ರಲ್ಲಿ ಚಿಂಟು ಟಿ.ವಿ. ಬಂದಾಗ ಕಾರ್ಟೂನುಗಳು ಕನ್ನಡ ಮಾತಾಡುವುದನ್ನು ಕೇಳಿ ನಮ್ಮ ಬೀದಿಯ ಮಕ್ಕಳು ಕುಣಿದಿದ್ದು ನನಗೆ ನೆನಪಿದೆ. ಆದರೂ 2019ರಲ್ಲಿ ‘ದಿ ಲಯನ್ ಕಿಂಗ್’ ಹೊಸ ರೂಪದಲ್ಲಿ ಬಂದಾಗ ಇಂಗ್ಲಿಷ್, ಹಿಂದಿ, ತಮಿಳು, ತೆಲುಗಿನಲ್ಲಿ ಬಂತು, ಕನ್ನಡದಲ್ಲಿ ಬರಲಿಲ್ಲ. ಸತ್ತ ಅಪ್ಪನನ್ನು ಎಬ್ಬಿಸಲು ನೋಡುವ ಸಿಂಹದ ಮರಿಯ ಮಾತು ನಮ್ಮ ಮಕ್ಕಳಿಗೆ ತಮ್ಮ ಭಾಷೆಯಲ್ಲಿ ಸಿಗಲಿಲ್ಲ. ಮಕ್ಕಳ ಸಿನಿಮಾ ಕನ್ನಡದಲ್ಲಿ ಬೇಕು ಅನ್ನುವುದು ಬರೀ ಅಭಿಮಾನದ ಮಾತು ಅಂತ ನನಗೆ ಅನ್ನಿಸುವುದಿಲ್ಲ. ಅದು ಮಗುವಿನ ನಿದ್ದೆಯ ಪ್ರಶ್ನೆಯೂ ಹೌದು.

ಭಯ ಒಂದೇ ಅಳತೆಗೋಲು ಅಲ್ಲ. 2024ರ ‘ಇನ್‌ಸೈಡ್ ಔಟ್ 2’ನಲ್ಲಿ ರಾಕ್ಷಸರಿಲ್ಲ, ಯಾರೂ ಸಾಯುವುದಿಲ್ಲ. ಹದಿಮೂರರ ಹುಡುಗಿಯ ಆತಂಕದ ಕತೆ ಅದು. ಹೈಸ್ಕೂಲ್ ಮೆಟ್ಟಿಲು ಹತ್ತುವ ಮಗಳ ಜೊತೆ ಕೂತು ನೋಡಲು ಅಂಥದ್ದು ಇನ್ನೊಂದಿಲ್ಲ. ನಾಲ್ಕರ ಮಗುವಿಗೆ ಅದು ಬಣ್ಣ ಬಣ್ಣದ ಬೊಂಬೆಗಳ ಗದ್ದಲ ಅಷ್ಟೇ, ಅರ್ಧಕ್ಕೇ “ಮನೆಗೆ ಹೋಗಣ” ಅನ್ನುತ್ತದೆ. ಇನ್ನು ಸರ್ಟಿಫಿಕೇಟ್ ಹೇಳದ ಬೇರೆ ಮಾತುಗಳಿವೆ. ದಪ್ಪಗಿರುವವನನ್ನು ಬರೀ ನಗಿಸಲು ಇಟ್ಟಿರುವುದು, ಕೆಟ್ಟವರಿಗೆ ಯಾವಾಗಲೂ ಕಪ್ಪು ಬಣ್ಣ, ತೊದಲುವವನನ್ನು ಆಡಿಕೊಳ್ಳುವುದು. ಇವಕ್ಕೆ ಮಕ್ಕಳು ಹೆದರುವುದಿಲ್ಲ, ಸುಮ್ನೆ ಕಲಿತುಬಿಡುತ್ತಾರೆ. ರೂಪ ನೋಡಿ ಒಳ್ಳೆಯವರು, ಕೆಟ್ಟವರು ಅನ್ನುವ ವಯಸ್ಸಿನಲ್ಲೇ ಇವು ಕಣ್ಣಿಗೆ ಬೀಳುತ್ತವೆ. ಒಂದು ಗುದ್ದಾಟದ ದೃಶ್ಯಕ್ಕಿಂತ ಇದು ನನ್ನನ್ನು ಜಾಸ್ತಿ ಕಾಡುತ್ತದೆ.

ಹಾಗಾದರೆ ಆರಿಸುವುದು ಹೇಗೆ? ಟ್ರೇಲರ್ ನಂಬಬೇಡಿ, ಅದರಲ್ಲಿ ನಗುವ ತುಣುಕುಗಳನ್ನೇ ಹೆಕ್ಕಿ ಹಾಕಿರುತ್ತಾರೆ. ಸಾಧ್ಯವಾದರೆ ಸಿನಿಮಾ ನೋಡಿಬಂದ ಒಬ್ಬ ತಾಯಿಯನ್ನೋ ತಂದೆಯನ್ನೋ ಕೇಳಿ. “ಚೆನ್ನಾಗಿದೆಯಾ” ಅಂತ ಕೇಳಿದರೆ ಉಪಯೋಗವಿಲ್ಲ. ಮರಿ ಅಮ್ಮನಿಂದ ದೂರವಾಗುತ್ತದಾ, ಎಷ್ಟು ಹೊತ್ತು, ಮತ್ತೆ ಸಿಗುತ್ತದಾ ಅಂತ ಕೇಳಿ. ಹೆದರಿಸುವ ದೃಶ್ಯ ಆದ ಕೂಡಲೇ ಉಸಿರು ಬಿಡಲು ಜಾಗ ಇದೆಯಾ, ಇಲ್ಲ ಒಂದರ ಮೇಲೊಂದು ಬರುತ್ತದಾ ಅಂತ ಕೇಳಿ. ಪುಟ್ಟ ಮಕ್ಕಳು ಎರಡು ನಿಮಿಷದ ಭಯವನ್ನು ತಡೆದುಕೊಳ್ಳುತ್ತಾರೆ, ಇಪ್ಪತ್ತು ನಿಮಿಷದ ಒಂಟಿತನವನ್ನು ತಡೆದುಕೊಳ್ಳುವುದಿಲ್ಲ. ಇದು ನನ್ನ ಅನುಭವ. ಕೊನೆಯನ್ನು ಮಗುವಿಗೆ ಮೊದಲೇ ಹೇಳಿಬಿಡಿ. ದೊಡ್ಡವರಿಗೆ ಅದು ರಸಭಂಗ. ಮಗುವಿಗೆ ಅದು ಹಿಡಿದುಕೊಳ್ಳುವ ಕಂಬಿ.

ಥಿಯೇಟರ್‌ಗೆ ಹೋದರೆ ದಾರಿ ಪಕ್ಕದ ಸೀಟು ತಗೊಳ್ಳಿ. ಹೊರಗಿನ ಸಿನಿಮಾಗಳನ್ನು ಇಂಟರ್ವಲ್ ಇಟ್ಟು ಮಾಡಿರುವುದಿಲ್ಲ, ನಮ್ಮಲ್ಲಿ ಮಧ್ಯಕ್ಕೆ ಕತ್ತರಿಸುತ್ತಾರೆ. ಅದು ಒಮ್ಮೊಮ್ಮೆ ಸರಿಯಾಗಿ ಆಪತ್ತಿನ ಹೊತ್ತಿಗೇ ಬರುತ್ತದೆ. ಮಗು ಆ ಭಯವನ್ನು ಹೊತ್ತುಕೊಂಡೇ ಹೊರಗೆ ಬಂದು, ಆಮೇಲೆ ಒಳಗೆ ಬರಲ್ಲ ಅಂತ ಹಟ ಹಿಡಿಯುತ್ತದೆ. ಹಿಡಿದರೆ ಬಿಟ್ಟುಬಿಡಿ. ದುಡ್ಡು ಕೊಟ್ಟಿದೀವಿ ಅಂತ ಕೂರಿಸಬೇಡಿ. ಮೈಸೂರಿನ ಮಾಲ್‌ಗೆ ಹೋದ ಆ ದಿನ ನಾವು ಅರ್ಧಕ್ಕೆ ಎದ್ದು ಕಾರಂಜಿ ಕೆರೆಗೆ ಹೋದೆವು. ಅಲ್ಲಿ ನವಿಲು ನೋಡಿದ ಮೇಲೆ ಅವಳ ಕೈ ಕಿವಿಯಿಂದ ಇಳಿಯಿತು.

ಈ ಬೇಸಿಗೆಯಲ್ಲಿ ಅವಳು ಮತ್ತೆ ಮಂಡ್ಯಕ್ಕೆ ಬಂದಿದ್ದಾಳೆ. ಈಗ ಐದು ವರ್ಷ. ಅಣ್ಣನ ಮಗ ಮೂರರವನು, ಅವನೂ ಇದ್ದಾನೆ. ಮೊನ್ನೆ ಅವಳೇ ಮೀನಿನ ಸಿನಿಮಾ ಬೇಕು ಅಂದಳು. ಅವನಿಗೆ ಇನ್ನೂ ಬೇಡ ಅಂದೆ. ಅವನು ಕೇಳಲಿಲ್ಲ, ಹೋಗಿ ಅವಳ ಪಕ್ಕದಲ್ಲೇ ಕೂತ. ಆಗಲಿ, ಸ್ವಲ್ಪ ಹೊತ್ತು ನೋಡೋಣ ಅಂತ ಹಾಕಿದೆ. ನೀಲಿ ನೀರು, ಗಂಡ ಹೆಂಡತಿ ಮೀನು, ಸಾಲು ಸಾಲು ಮೊಟ್ಟೆಗಳು. ನಾನು ರಿಮೋಟ್‌ಗೆ ಕೈ ಹಾಕುವ ಮೊದಲೇ ಅವಳು ಅದನ್ನು ಎತ್ತಿಕೊಂಡು ನಿಲ್ಲಿಸಿದಳು. ಅವನ ಕಡೆ ತಿರುಗಿ ಹೇಳಿದಳು:

“ಈಗ ದೊಡ್ಡ ಮೀನು ಬತ್ತದೆ. ಅವ್ವ ಮೀನು ಹೋಯ್ತದೆ, ಅಪ್ಪ ಮೀನು ಇರ್ತದೆ. ನನ್ ಕೈ ಹಿಡ್ಕೊ.”